ನಾಲ್ಕನೆಯ ಸಾಲಿನ ಒಂದು

ಮೊದಲು ನನಗಾದ ಅನ್ಯಾಯವನ್ನು ಹೇಳಿಬಿಡುತ್ತೇನೆ. "ಕ್ಷೇತ್ರದಲ್ಲಿ ವಿಶ್ವಾಸದಿಂದ ದೊರೆತ ಮಾಹಿತಿಯನ್ನು ಈ ನೌಕರರು ಹೊರಗೆ ಬಿಟ್ಟುಕೊಟ್ಟಿದ್ದಾರೆ" ಎಂಬ ವಾಕ್ಯವೊಂದು ನನ್ನ ಸೇವಾ ಪುಸ್ತಕದಲ್ಲಿದೆ. ಕೆಂಪು ಶಾಯಿಯಲ್ಲಿದೆ. ಅದರ ಕೆಳಗೆ ನಮ್ಮ ವಿಭಾಗದ ಮುಖ್ಯಸ್ಥರ ಸಹಿಯಿದೆ. ವಾಕ್ಯ ಸುಳ್ಳು. ಹೊರಗೆ ಬಿಟ್ಟವರು ಯಾರು, ಯಾವ ಪುಟದಲ್ಲಿ ಬಿಟ್ಟರು ಎಂಬುದು ನನಗೆ ಗೊತ್ತಿದೆ, ಅವರಿಗೂ ಗೊತ್ತಿತ್ತು. ನಾನು ನಿವೃತ್ತನಾಗುವವರೆಗೂ ಆ ವಾಕ್ಯವನ್ನು ಯಾರೂ ಹೊಡೆದುಹಾಕಲಿಲ್ಲ.

ನಾನಿದ್ದದ್ದು ಹಳ್ಳಿಗಳ ಬೇಸಾಯ, ಉತ್ಪತ್ತಿ, ವ್ಯಾಪಾರ ಮತ್ತು ಜೀವನಸ್ಥಿತಿಗಳನ್ನು ಅಭ್ಯಸಿಸುವ ಒಂದು ಸಂಶೋಧನಾ ಕಚೇರಿಯಲ್ಲಿ. ಮುಂಬಯಿ ಆಡಳಿತ ಮುಗಿದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನನ್ನನ್ನು ಹಂಗಾಮಿಯಾಗಿ ತೆಗೆದುಕೊಂಡರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕು ನನ್ನ ಪಾಲಿಗೆ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಪಟ್ಟಿ ತುಂಬುವುದು ಕೆಲಸ. ಜನ ನನ್ನನ್ನು 'ಪಟ್ಟಿ ಮಾಸ್ತರ' ಎಂದು ಕರೆದರು. ಬಡ್ತಿಯ ವಿಷಯ ಬರೆಯುವುದಿಲ್ಲ, ಬರೆಯುವಷ್ಟು ಬರಲೂ ಇಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಯಂತ್ರದಲ್ಲಿ ಉತ್ತರ ಒತ್ತಿಕೊಂಡು ಬರುತ್ತಾರೆಂದು ಕೇಳಿದ್ದೇನೆ. ಉತ್ತರದ ಹಿಂದೆ ಏನಿರುತ್ತದೆ ಎಂಬುದು ಅವರಿಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಅದರ ಹಿಂದೆ ಇರುವುದು ಭಯ.

ಮೊದಲ ಪಾಠ ಯಲ್ಲಾಪುರದ ಕಾಡಂಚಿನ ಒಂದು ಕೇರಿಯಲ್ಲಾಯಿತು. ನಮಗೆ ಕಚೇರಿಯಿಂದ ಕೊಡುತ್ತಿದ್ದುದು ನಾಲಿಗೆಗೆ ತಾಗಿಸಿ ಬರೆಯುವ ನೇರಳೆ ಪೆನ್ಸಿಲು. ಬರೆದದ್ದು ಅಳಿಸಬಾರದೆಂಬ ನಿಯಮ. ಎರಡು ಮನೆ ಮುಗಿಸುವಷ್ಟರಲ್ಲಿ ನನ್ನ ತುಟಿ ನಾಲಿಗೆಗಳೆಲ್ಲ ನೇರಳೆಯಾಗಿದ್ದವು. ಮೂರನೆಯ ಮನೆಯ ಅಂಗಳದಲ್ಲಿ ನಿಂತು ಬಾಯಿ ತೆರೆದೆ. ಒಳಗಿದ್ದ ಮುದುಕಿ ಚೀರಿದಳು. ಮಕ್ಕಳನ್ನು ಎತ್ತಿಕೊಂಡು ಹೆಂಗಸರು ಹಿತ್ತಿಲ ದಾರಿಯಿಂದ ಕಾಡಿಗೆ ಓಡಿದರು. ಅಷ್ಟು ಹೊತ್ತಿಗೆ ಇಡೀ ಕೇರಿ ಖಾಲಿಯಾಗಿ, ಒಂದು ಒಲೆಯ ಮೇಲೆ ಗಂಜಿ ಮಾತ್ರ ಕುದಿಯುತ್ತಿತ್ತು. ನಾನು ಒಬ್ಬನೇ ಆ ಗಂಜಿಯ ಸದ್ದು ಕೇಳುತ್ತ ನಿಂತೆ. ಕಾಡಿನೊಳಗಿಂದ ಎಷ್ಟೋ ಕಣ್ಣುಗಳು ನನ್ನನ್ನು ನೋಡುತ್ತಿವೆ ಎಂಬುದು ಬೆನ್ನಿಗೆ ತಿಳಿಯುತ್ತಿತ್ತು. ಯಾರಿಗೆ ಯಾರು ಹೆದರಿದ್ದರೋ ಹೇಳಲಾರೆ. ಮರುದಿನದಿಂದ ಸ್ವಂತ ದುಡ್ಡಿನಲ್ಲಿ ಕರಿ ಪೆನ್ಸಿಲು ಕೊಂಡೆ. ಅದಕ್ಕೂ ಕಚೇರಿಯಿಂದ ವಿವರಣೆ ಕೇಳಿದರು.

ಎರಡನೆಯದು ಶಿರಸಿಯ ಅಡಿಕೆ ಪೇಟೆಯಲ್ಲಿ. ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಬರೆದು ತರಲು ಹೇಳಿದ್ದರು. ಆ ದಿನಗಳಲ್ಲಿ ದರ ಬಾಯಲ್ಲಿ ಬರುತ್ತಿರಲಿಲ್ಲ. ಇಬ್ಬರು ಟವೆಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಿದ್ದರು, ವ್ಯವಹಾರ ಮುಗಿಯುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತರೂ ನನ್ನ ಹಾಳೆ ಬೋಳು. ಕೊನೆಗೆ ಒಬ್ಬ ದಲಾಲಿಯನ್ನು ಕೇಳಿದೆ: "ದರ ಏನಾತ್ರೀ ಈಗ?"

ಅವನು ನಕ್ಕ. "ಟವೆಲ್ ಕೇಳ್ರಿ ಮಾಸ್ತರ. ಅದಕ್ಕಷ್ಟೇ ಗೊತ್ತು." ಆಮೇಲೆ ನಗು ನಿಲ್ಲಿಸಿ ಹತ್ತಿರ ಬಂದು ಹೇಳಿದ: "ನೋಡ್ರಿ, ಟವೆಲ್ ಯಾಕ ಹಾಕ್ತೀವಿ? ಪಕ್ಕದಾಂವಗ ಗೊತ್ತಾಗಬಾರದು ಅಂತ. ನೀವು ಆ ಟವೆಲ್ ತೆಗಿಯಾಕ ಬಂದೀರಿ. ತೆಗೀರಿ ಬೇಕಾದ್ರ. ಆದ್ರ ತೆಗೆದ ಮ್ಯಾಲೆ ಏನಾಗ್ತೈತಿ ಅಂತ ನೋಡಾಕ ನಿಂದ್ರಿ, ಓಡಿ ಹೋಗಬ್ಯಾಡ್ರಿ."

ನನ್ನ ವೃತ್ತಿಯ ಬಗ್ಗೆ ಇಷ್ಟು ಸರಿಯಾದ ಮಾತನ್ನು ಯಾವ ತರಬೇತಿಯಲ್ಲೂ ಯಾರೂ ಹೇಳಲಿಲ್ಲ. ಆಗ ಅದು ಚೇಷ್ಟೆಯ ಮಾತೆಂದು ಬಿಟ್ಟೆ.

ಇನ್ನು ಈ ಕಥನದ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿದ್ದಾಪುರ ತಾಲೂಕಿನಲ್ಲಿ, ಬಿಳಗಿಯಿಂದ ಅರ್ಧ ದಿನ ನಡೆದರೆ ಸಿಗುವ ಒಂದು ಸಣ್ಣ ಊರು. ಊರಿನ ಹೆಸರನ್ನು ಇಂದಿಗೂ ಬರೆಯುವುದಿಲ್ಲ. ಅಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದ ಒಬ್ಬ ವಿಧವೆಯಿದ್ದಳು. ಇಲ್ಲಿ ಆಕೆಯನ್ನು ಬಂಗಾರಿ ಎನ್ನುತ್ತೇನೆ, ಅದು ಆಕೆಯ ಹೆಸರಲ್ಲ. ಗಂಡ ಸತ್ತ ಮೇಲೆ ಗದ್ದೆ ಬಿಡದೆ ತಾನೇ ನಿಂತು ಬೇಸಾಯ ಮಾಡಿಸುತ್ತಿದ್ದಳು. ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಆ ಊರಿನಲ್ಲಿ ಸ್ವತಃ ಗೇಣಿ ಬೇಸಾಯ ಮಾಡುವ ಹೆಂಗಸು ಅವಳೊಬ್ಬಳೇ. ಗದ್ದೆಯ ಒಡೆಯರನ್ನು ಊರಿನವರು ದೊಡ್ಡ ಹೆಗಡೇರು ಎನ್ನುತ್ತಿದ್ದರು.

ಉತ್ಪತ್ತಿಯ ಲೆಕ್ಕದಲ್ಲಿ ಆ ಊರು ನನಗೆ ಒಗಟಾಗಿತ್ತು. ಗದ್ದೆಯಲ್ಲಿ ಚೌಕ ಹಾಕಿ, ಬೆಳೆ ಕೊಯ್ದು, ಒಣಗಿಸಿ ತೂಗಿದರೆ ಭತ್ತ ಚೆನ್ನಾಗಿಯೇ ಬರುತ್ತಿತ್ತು. ಗೇಣಿದಾರರ ಬಾಯಿಂದ ಬಂದ ಕೊಳಗದ ಲೆಕ್ಕ ಹಿಡಿದರೆ ಅದೇ ಗದ್ದೆ ಬಡವಾಗಿ ಕಾಣುತ್ತಿತ್ತು. ಮೇಲಿನವರು ಇದಕ್ಕೊಂದು ಸುಲಭ ಕಾರಣ ಕೊಟ್ಟಿದ್ದರು: ರೈತರು ಸುಳ್ಳು ಹೇಳುತ್ತಾರೆ. ನಾನು ಒಪ್ಪಲಿಲ್ಲ. ಎಲ್ಲರೂ ಒಂದೇ ಪ್ರಮಾಣದಲ್ಲಿ ಸುಳ್ಳು ಹೇಳುವುದಿಲ್ಲ.

ಒಗಟು ಬಿಡಿಸಿದವಳು ಬಂಗಾರಿ. ಒಕ್ಕಣೆಯ ಎರಡನೆಯ ದಿನ ಮುಂಜಾನೆ ಅವಳ ಕಣಕ್ಕೆ ಹೋದೆ. ಹಿಂದಿನ ದಿನ ಅರ್ಧ ಅಳೆದು, ಉಳಿದದ್ದನ್ನು ಇಂದು ಅಳೆಯೋಣವೆಂದು ಹೆಗಡೇರ ಆಳು ಅವರ ಮನೆಯ ಕೊಳಗವನ್ನು ಕಣದಲ್ಲೇ ಬಿಟ್ಟುಹೋಗಿದ್ದ. ಆಕೆ ದಾರಿಯ ಕಡೆ ಎರಡು ಸಲ ನೋಡಿದಳು. ಆಮೇಲೆ ತನ್ನ ಮನೆಯ ಕೊಳಗ ತಂದು ಅದರ ಪಕ್ಕದಲ್ಲಿಟ್ಟಳು.

"ಮಾಸ್ತರೇ, ನೀವು ಅಳತಿ ಜನ. ಇದ್ನ ಒಂದ್ಸಲ ಅಳೀರಿ. ನಾ ಹೇಳದಿಲ್ಲ. ನೀವೇ ಅಳದು ನೋಡಿ."

ನನ್ನ ಚೀಲದಲ್ಲಿ ಸರಕಾರಿ ಮುದ್ರೆಯ ತಗಡಿನ ಸೇರು ಇತ್ತು. ಅದರಿಂದ ಅಳೆದರೆ ಅವಳ ಕೊಳಗ ಸರಿಯಾಗಿತ್ತು. ಅವಳ ಕೊಳಗಕ್ಕೆ ಹಿಡಿದಷ್ಟು ಭತ್ತವನ್ನು ಹೆಗಡೇರ ಕೊಳಗಕ್ಕೆ ಸುರಿದೆ. ತುಂಬಲಿಲ್ಲ. ಒಂದು ಬೊಗಸೆ ಹಾಕಿದೆ. ತುಂಬಲಿಲ್ಲ. ಇನ್ನೊಂದು ಬೊಗಸೆಯ ಮೇಲೆ ಕೋಲು ಎಳೆದಾಗ ಸಮವಾಯಿತು. ಗೇಣಿದಾರರು ಹೇಳುತ್ತಿದ್ದುದು ಈ ದೊಡ್ಡ ಕೊಳಗದ ಎಣಿಕೆ, ನಾನು ಬರೆದುಕೊಳ್ಳುತ್ತಿದ್ದುದು ಸರಕಾರಿ ಕೊಳಗವೆಂದು.

"ಬಿತ್ತನಿಗೆ ಭತ್ತ ಕೇಳೂಕೆ ಹೋದ್ರೆ ಅವ್ರ ಮನಿಲಿ ಬ್ಯಾರೆ ಕೊಳ್ಗ ಇತ್ತು. ಅದು ಸಣ್ಣದು," ಎಂದಳು ಬಂಗಾರಿ. "ಕೊಡೂ ಕೊಳ್ಗ ಸಣ್ಣದು, ತಗಂಬ ಕೊಳ್ಗ ದೊಡ್ಡದು. ನನ್ ಮಾವ್ನ ಕಾಲ್ದಿಂದ ಹೀಂಗೇ. ಎಲ್ರಿಗೂ ಗೊತ್ತು. ಯಾರೂ ಹೇಳದಿಲ್ಲ."

"ನೀ ಯಾಕ ಹೇಳಿದೆವಾ ತಂಗಿ?"

"ನೀವು ನನ್ ಗದ್ದೆ ಬಡ್ವ ಗದ್ದೆ ಅಂತ ಬರ್ಕಂಡ್ರಲೆ, ಅದ್ಕೆ. ನನ್ ಗದ್ದೆ ಬಡ್ವ ಅಲ್ಲ." ಮತ್ತೆ ದಾರಿಯ ಕಡೆ ನೋಡಿ ದನಿ ತಗ್ಗಿಸಿದಳು. "ಇದು ಹೆಗಡೇರ ಜಗಲಿಗೆ ಹೋಗದಿಲ್ಲ ಅಲ್ಲ? ಹೋದ್ರೆ ಮುಂದಿನ ನಟ್ಟಿಗೆ ನನ್ಗೆ ಗದ್ದೆ ಇಲ್ಲ. ಆ ಕಣ್ಣಿಲ್ದ ಮುದ್ಕಿ ಕರ್ಕಂಡು ನಾ ಎಲ್ಲಿಗೆ ಹೋಗ್ಲಿ?"

ನಾನು ಪಟ್ಟಿಯನ್ನು ಅವಳ ಮುಂದೆ ಹಿಡಿದು ತೋರಿಸಿದೆ. "ಇಲ್ಲಿ ನೋಡವಾ. ಹೆಸರಿನ ತುಂಡು ಕತ್ತರಿಸಿ ಬ್ಯಾರೆ ಇಡ್ತೀವಿ. ಒಳಗ ಹೋಗೂದು ಬರೀ ನಂಬರು. ನಿನ್ನ ಹೆಸರು ಎಲ್ಲೂ ಬರಂಗಿಲ್ಲ."

"ಆಣೆ?"

"ನನ್ನ ತಾಯಾಣೆ."

ಕಾಲುದಾರಿಯಲ್ಲಿ ಯಾರೋ ಕೆಮ್ಮಿದರು. ಅವಳು ತನ್ನ ಕೊಳಗವನ್ನು ಸೆರಗಿನಡಿ ಮಾಡಿಕೊಂಡು ಮನೆಯೊಳಗೆ ನಡೆದಳು. ಬಂದವನು ಹೆಗಡೇರ ಆಳು. ಕಣದಲ್ಲಿ ನಾನು, ಕೊಳಗ, ಕೈಯಲ್ಲಿ ತಗಡಿನ ಸೇರು. ಅವನು ಸೇರನ್ನೂ ನನ್ನನ್ನೂ ನೋಡಿ, ಕೊಳಗವನ್ನು ತನ್ನತ್ತ ಎಳೆದುಕೊಂಡ. ಆ ನೋಟವನ್ನು ಹೊತ್ತುಕೊಂಡು ನಾನು ಸಂಜೆಯವರೆಗೆ ನಡೆದೆ.

ಮರುವಾರ ನಮ್ಮ ಮುಖ್ಯಸ್ಥರು ಜೀಪಿನಲ್ಲಿ ತಪಾಸಣೆಗೆ ಬಂದರು. ಅವರನ್ನು ನಾವು ಡಾಕ್ಟರ್ ಸಾಹೇಬರು ಎನ್ನುತ್ತಿದ್ದೆವು. ಪರದೇಶದಲ್ಲಿ ಓದಿದವರು, ಜಾಣರು, ಅದರಲ್ಲಿ ಎರಡು ಮಾತಿಲ್ಲ. ಅವರು ಇಳಿದುಕೊಂಡದ್ದು ದೊಡ್ಡ ಹೆಗಡೇರ ಮನೆಯಲ್ಲೇ. ಸಾಹೇಬರಿಗೆ ಒಳಗೆ ಬಾಳೆಲೆ, ನನಗೆ ಜಗಲಿಯ ತುದಿ. ಹೆಗಡೇರು ಒಳಗೆ ಕೂಗಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಏ, ಜಗಲೀಲಿ ಕೂತವ್ಕೆ ಎಂತಾರು ಆಸ್ರಿಗೆ ತಗಂಬಾ." ಬಾಯಾರಿಕೆಗೆ ಬೆಲ್ಲ ನೀರು ಬಂತು, ಬೇಡವೆನ್ನಲಿಲ್ಲ. ಆದರೆ ಒಳಗೆ ಉಣ್ಣುತ್ತಿದ್ದ ಸಾಹೇಬರು, "ನಮ್ಮ ಹುಡುಗನೂ ಬರಲಿ" ಎಂದು ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ಇದನ್ನು ಬರೆದಿಡುತ್ತಿದ್ದೇನೆ.

ಕೋಷ್ಟಕಗಳು ತಯಾರಾದದ್ದು ಮಳೆಗಾಲದಲ್ಲಿ. ಆಗ ಎಲ್ಲವೂ ಕೈಯಲ್ಲೇ. ಒಂದೊಂದು ಪಟ್ಟಿಗೆ ಒಂದೊಂದು ಕಡ್ಡಿಗೆರೆ, ಐದಕ್ಕೆ ಒಂದು ಅಡ್ಡಗೆರೆ. ನಮ್ಮ ಊರುಗಳನ್ನು ಪರಿಶಿಷ್ಟದಲ್ಲಿ ಹೆಸರು ಹಿಡಿದು ಒಂದೊಂದಾಗಿ ಕೊಡಬೇಕೆಂದು ಸಾಹೇಬರ ಅಪ್ಪಣೆಯಾಗಿತ್ತು. ಆ ಊರಿನ ಕೋಷ್ಟಕದ ನಾಲ್ಕನೆಯ ಸಾಲು 'ಸ್ವತಃ ಬೇಸಾಯ ಮಾಡುವ ಸ್ತ್ರೀಯರು'. ಮೇಲಿಂದ ಕೆಳಗಿಳಿಯುವ ಕಂಬಗಳಲ್ಲಿ ಕೊನೆಯದು 'ಗೇಣಿಯ ಅಳತೆ ನಿಗದಿತ ಅಳತೆಗಿಂತ ದೊಡ್ಡದೆಂದು ಹೇಳಿದವರು'. ಅವೆರಡೂ ಕೂಡುವ ಚೌಕದಲ್ಲಿ ನಾನೇ ಎಳೆದ ಒಂದು ಕಡ್ಡಿಗೆರೆ ಕೂತಿತ್ತು. ಆ ಕಂಬದಲ್ಲಿ ಬೇರೆಲ್ಲ ಚೌಕಗಳೂ ಖಾಲಿ. ಹೆಸರು ಕತ್ತರಿಸಿದ್ದೆವು, ನಿಜ. ಆದರೆ ಊರಿನ ಹೆಸರಿದೆ, ಹೆಂಗಸು ಎಂದಿದೆ, ಒಂದು ಎಂದಿದೆ. ಅವಳ ಮುಖ ಬರೆಯುವುದೊಂದು ಉಳಿದಿತ್ತು.

ಸಾಹೇಬರ ಕೋಣೆಗೆ ಹೋದೆ. ಕೂರಲು ಹೇಳಲಿಲ್ಲ.

"ಸರ್, ಈ ಸಾಲನ್ನ ಮ್ಯಾಲಿನ ಸಾಲಿನ ಜೋಡಿ ಕೂಡಿಸೋಣ್ರಿ. ಇಲ್ಲಾ ಊರಿನ ಹೆಸರು ತೆಗಿಯೋಣ್ರಿ. ಇದು ಯಾರು ಅಂತ ಊರಾಗ ಎಲ್ಲರಿಗೂ ಗೊತ್ತಾಗ್ತದ."

ಅವರು ಕನ್ನಡಕದ ಮೇಲಿಂದ ನೋಡಿದರು. "ಒಂದು ಅನ್ನೋದು ಅಂಕಿ ರೀ, ಹೆಸರಲ್ಲ. ಇಡೀ ವರದಿಯೊಳಗ ಹೊಸಾ ಸಂಗತಿ ಅಂದ್ರ ಇದೊಂದಽ. ಅದನ್ನಽ ತೆಗಿ ಅಂತೀರಲ್ಲ? ನಿಮ್ಮ ಪುಕ್ಕಲುತನಾನ ನನ್ನ ಕೋಷ್ಟಕದಾಗ ತುಂಬಬ್ಯಾಡ್ರಿ."

ಪಕ್ಕದಲ್ಲಿದ್ದ ಅವರ ಇಬ್ಬರು ಸಹಾಯಕರು ನಕ್ಕರು. ಅವರ ಹೆಸರೂ ನನಗೆ ನೆನಪಿದೆ.

ಬಾಯಿಮಾತು ಸಾಲದೆಂದು ಅದನ್ನೇ ಟಿಪ್ಪಣಿಯಾಗಿ ಬರೆದುಕೊಟ್ಟೆ. ಅಂಚಿನಲ್ಲಿ 'ನೋಡಿದೆ' ಎಂದು ಬರೆದು ಹಿಂದಕ್ಕೆ ಕಳಿಸಿದರು. ಆ ಹಾಳೆ ನನ್ನ ಬಳಿ ಇದೆ. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೂರನೆಯ ಸಲ ನಾನು ಕೇಳಲಿಲ್ಲ. ನನ್ನದು ಹಂಗಾಮಿ ನೌಕರಿ, ಆ ತಿಂಗಳು ಅದನ್ನು ಮುಂದುವರಿಸುವ ಕಾಗದ ಅವರ ಮೇಜಿನ ಮೇಲಿತ್ತು. ನಾನು ಹೆದರಿದೆ. ಕೋಷ್ಟಕದ ಕೆಳಗೆ 'ತಾಳೆ ನೋಡಿದೆ' ಎಂದು ಸಹಿ ಹಾಕಿದೆ. ಆ ಕಡ್ಡಿಗೆರೆಯನ್ನು ಬೆರಳಿನಿಂದ ಉಜ್ಜಿಬಿಟ್ಟಿದ್ದರೆ ಹೋಗುತ್ತಿತ್ತು. ಕರಿ ಪೆನ್ಸಿಲಿನದು. ಉಜ್ಜಲಿಲ್ಲ. ಕಂಡದ್ದನ್ನು ಕಂಡಂತೆ ಬರೆಯಬೇಕೆಂಬ ನನ್ನ ಹೆಮ್ಮೆಯೂ ಆಗ ಅಡ್ಡ ಬಂತು.

ವರದಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಮುನ್ನುಡಿಯಲ್ಲಿ ಸಾಹೇಬರು ಅನೇಕರಿಗೆ ಕೃತಜ್ಞತೆ ಹೇಳಿದ್ದರು. ಜೀಪಿನ ಚಾಲಕನ ಹೆಸರಿತ್ತು. ನನ್ನದಿರಲಿಲ್ಲ. ಆದರೆ ನನ್ನನ್ನು ಬೆಚ್ಚಿಸಿದ್ದು ಅದಲ್ಲ. ರವಾನೆ ವಹಿಯಲ್ಲಿ ಗೌರವಪ್ರತಿ ಹೋದವರ ಹೆಸರುಗಳನ್ನು ನೋಡುತ್ತ ಬಂದೆ. ಆತಿಥ್ಯದ ನೆನಪಿಗೆ ಒಂದು ಪ್ರತಿಯನ್ನು ದೊಡ್ಡ ಹೆಗಡೇರಿಗೂ ಕಳಿಸಿದ್ದರು. ಅಂಚೆಗೆ ಹೋಗಿ ಎಂಟು ದಿನವಾಗಿತ್ತು.

ಎರಡನೆಯ ಸುತ್ತಿನ ತನಿಖೆಗೆ ಅದೇ ಮನೆಗಳಿಗೆ ಮತ್ತೆ ಹೋಗಬೇಕಿತ್ತು. ರಜೆ ಕೇಳೋಣವೆನ್ನಿಸಿತು. ವಾನಳ್ಳಿಯ ಮನೆಗಳನ್ನು ಮೊದಲು ಮುಗಿಸುತ್ತೇನೆಂದು ನೆಪ ಹೇಳಿ ಕೆಲ ದಿನ ತಳ್ಳಿದೆ. ಆಮೇಲೆ ಭೈರುಂಬೆ ಎಂದೆ. ಮುಗಿಸಲು ಬೇರೆ ಊರು ಉಳಿಯದೆ ಹೋದಾಗ ಸಿದ್ದಾಪುರದ ಬಸ್ಸು ಹತ್ತಿದೆ. ನಟ್ಟಿಯ ಕಾಲ. ಆ ಊರಿನ ದಿಬ್ಬದ ಮೇಲೆ ನಿಂತರೆ ಬಂಗಾರಿಯ ಗದ್ದೆ ಕಾಣುತ್ತದೆ. ಗದ್ದೆಯಲ್ಲಿ ನಟ್ಟಿ ನಡೆದಿತ್ತು. ಬದುವಿನ ಮೇಲೆ ನಿಂತು ಕೆಲಸ ಹೇಳುತ್ತಿದ್ದವನು ನನಗೆ ಗುರುತಿಲ್ಲದ ಗಂಡಸು.

ದೊಡ್ಡ ಹೆಗಡೇರು ಜಗಲಿಯಲ್ಲೇ ಇದ್ದರು. ಈ ಸಲ ನನಗೆ ಚಾಪೆ ಹಾಕಿಸಿದರು. ಆ ಮರ್ಯಾದೆ ಕಂಡೇ ನಾನು ಹೆದರಿದೆ.

"ಬನ್ನಿ ಮಾಸ್ತರೇ, ಬನ್ನಿ. ನಿಮ್ಮ ಪುಸ್ತಕ ಬಂತು. ನಮ್ಮೂರ ಹೆಸ್ರೂ ಅಚ್ಚಾಜು, ಸಂತೋಷ. ಶಿರಸೀಲಿ ನಮ್ಮ ತಮ್ಮ ವಕೀಲ ಇದ್ದ, ಅಂವ ಓದಿ ಹೇಳ್ದ." ಪುಸ್ತಕ ಪಕ್ಕದಲ್ಲೇ ಇತ್ತು. ಹಾಳೆ ಹುಡುಕುವ ಕಷ್ಟವೇ ಇಲ್ಲದಂತೆ ಅದು ತಾನಾಗಿ ಅಲ್ಲಿಗೇ ತೆರೆಯಿತು. ನಾಲ್ಕನೆಯ ಸಾಲು, ಕೊನೆಯ ಕಂಬ. ಒಂದರ ಕೆಳಗೆ ಉಗುರಿನಿಂದ ಗೀರಿದ ಗುರುತು.

"ಇಂಗ್ಲಿಷು ನಂಗೆ ಬತ್ತಿಲ್ಲೆ ಮಾರಾಯ್ರೆ," ಎಂದರು ಹೆಗಡೇರು, ಮೆಲ್ಲಗೆ, ಸಿಟ್ಟಿಲ್ಲದೆ. "ಆದ್ರೆ ಒಂದರವರೆಗೆ ಎಣಿಸೂಲೆ ಆನೂ ಬಲ್ಲೆ."

"ಅದು ಯಾರೂ ಆಗಿರಬಹುದ್ರೀ," ಎಂದೆ.

"ಯಾರು? ನೀವೇ ಹೇಳಿ. ನಮ್ಮೂರಲ್ಲಿ ಇನ್ನೊಬ್ಳ ಹೆಸ್ರು ಹೇಳಿ, ಆನು ಈಗ್ಲೇ ಅವ್ಳ ಗದ್ದೆ ಅವ್ಳಿಗೆ ಬಿಡ್ತೆ."

ಹೇಳಲು ಇನ್ನೊಬ್ಬಳಿರಲಿಲ್ಲ. ಅವರು ಪುಸ್ತಕ ಮುಚ್ಚಿ, ಬೇರೆಯೇ ದನಿಯಲ್ಲಿ ಹೇಳಿದರು: "ಗೇಣಿ ಕಾಯಿದೆ ಬತ್ತು ಹೇಳಿ ಎಲ್ಲಾ ಹೇಳ್ತಾ ಇದ್ದ. ಇಂದು ಕೊಳಗದ ಮಾತು ಆಡ್ದವು ನಾಳೆ ಗದ್ದೆ ಮಾತು ಆಡದೆ ಇಕ್ಕಾ? ನಂಗೂ ಮನೆ ಮಕ್ಕ ಇದ್ದ." ನ್ಯಾಯವಾಗಿ ಬರೆಯಬೇಕು. ಅವರೂ ಹೆದರಿದ್ದರು. ಆದರೆ ಅವರ ಹೆದರಿಕೆಗೆ ಹೊರಗೆ ಹೋಗಬೇಕಾದವರು ಅವರಾಗಲಿಲ್ಲ.

ಬಂಗಾರಿಯ ಮನೆಗೆ ಹೋದೆ. ಎರಡು ಗಂಟು ಕಟ್ಟಿ ಹೊಸ್ತಿಲ ಬಳಿ ಇಟ್ಟಿದ್ದಳು. ಮನೆಯೂ ಹೆಗಡೇರ ಜಾಗದಲ್ಲೇ ಇತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದಳು.

"ಯಾರೇ ಅದು?" ಎಂದಳು ಮುದುಕಿ.

"ಅಳತೆ ಮಾಸ್ತರು," ಎಂದಳು ಬಂಗಾರಿ. ನನ್ನ ಕಡೆ ತಿರುಗಲಿಲ್ಲ.

"ನಾ ಹೇಳಿಲ್ಲ ತಂಗಿ. ನನ್ನ ಬಾಯಿಂದ ನಿನ್ನ ಹೆಸರು ಹೋಗಿಲ್ಲ."

"ಹೆಸ್ರು ಹೋಗಿಲ್ಲ ಹೇಳಿ ನನ್ಗೂ ಹೇಳಿದ್ರು. ಬರೀ ನಂಬ್ರ ಹೋಯ್ತಂತೆ." ಒಂದು ಗಂಟನ್ನು ಬಿಗಿದಳು. "ನೀವು ತಾಯಾಣೆ ಹಾಕಿದ್ರಿ ಮಾಸ್ತರೇ. ತಾಯಿ ಇದ್ರಾ, ಸತ್ತಿದ್ರಾ ಹೇಳಿ ನಾ ಅವತ್ತೇ ಕೇಳ್ಬೇಕಿತ್ತು."

ನನ್ನ ತಾಯಿ ಬದುಕಿದ್ದಳು. ಆ ತಿಂಗಳು ಊರಿಗೆ ಹೋಗಿ ಅವಳ ಮುಖ ನೋಡಲು ನನಗೆ ಆಗಲಿಲ್ಲ. ಎಲ್ಲಿಗೆ ಹೋಗುತ್ತೀಯ ಎಂದು ನಾನು ಕೇಳಿದ್ದಕ್ಕೆ ಬಂಗಾರಿ, "ಅದ್ನೂ ಬರ್ಕಂತ್ರಾ?" ಎಂದಳು. ನಾನು ಚೀಲ ಮುಚ್ಚಿದೆ.

ಕಚೇರಿಗೆ ಹಿಂದಿರುಗಿ ನಡೆದದ್ದನ್ನೆಲ್ಲ ಬರೆದೆ. ಆಕೆಯ ಗದ್ದೆ ಆಕೆಗೆ ಮರಳಿ ಕೊಡಿಸಲು ಮೇಲಧಿಕಾರಿಗಳಿಗೆ ಕಾಗದ ಹೋಗಬೇಕು, ಉಳಿದ ಪ್ರತಿಗಳನ್ನು ಹಿಂದಕ್ಕೆ ತರಿಸಬೇಕು ಎಂದು ಕೇಳಿದೆ. ಹದಿನೈದು ದಿನಕ್ಕೆ ಉತ್ತರ ಬಂತು. ಅದೇ ಆ ಕೆಂಪು ಶಾಯಿಯ ವಾಕ್ಯ. ನಾನು ಕಣದಲ್ಲಿ ಸೇರು ಹಿಡಿದು ನಿಂತದ್ದನ್ನು ಹೆಗಡೇರ ಆಳು ನೋಡಿದ್ದನಲ್ಲ, ಅದೇ ಸಾಕ್ಷಿಯಾಯಿತು. ಜೊತೆಗೆ ಬಂದ ಆದೇಶದಲ್ಲಿ ಹೀಗಿತ್ತು: 'ಅಜಾಗರೂಕತೆಯಿಂದ ತನಿಖೆ ನಡೆಸಿ ಮಾಹಿತಿದಾರರ ಗುರುತು ಬಯಲು ಮಾಡಿದ್ದಾರೆ.' ಹಿಂದಿನ ಟಿಪ್ಪಣಿಯ ಹಾಳೆಯನ್ನು ತೋರಿಸಿದೆ. "ನೋಡಿದೆ ಅಂತಷ್ಟೇ ಬರ್ದೀನಿ, ಒಪ್ಪಿದೆ ಅಂತ ಬರ್ದಿಲ್ಲಲ್ರೀ," ಎಂದರು ಸಾಹೇಬರು. ನೌಕರಿ ಮಾತ್ರ ಮುಂದುವರಿಯಿತು. ಅಪರಾಧಿಯೆಂದು ಬರೆದವನನ್ನು ಯಾಕೆ ಇಟ್ಟುಕೊಂಡರೆಂದು ಯಾರೂ ಕೇಳಲಿಲ್ಲ. ಇಟ್ಟುಕೊಂಡರೆ ಬಾಯಿ ಮುಚ್ಚಿರುತ್ತಾನೆ, ಅದಕ್ಕೆ.

ನಾನು ಹುಡುಕಿದೆ. ಘಟ್ಟದ ಕೆಳಗೆ ಹೋದಳೆಂದು ಒಬ್ಬರು, ಯಲ್ಲಾಪುರದ ಕಡೆ ಕಾಡಿನ ಮರ ಕಡಿಯುವ ಕೂಪಿನಲ್ಲಿ ಕಂಡೆನೆಂದು ಇನ್ನೊಬ್ಬರು. ಮುಂದೆ ಎಷ್ಟೋ ವರ್ಷ ಯಾವ ಊರಿಗೆ ಹೋದರೂ, ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತ ಹೆಂಗಸನ್ನು ಕಂಡರೆ ನನ್ನ ಕಾಲು ನಿಲ್ಲುತ್ತಿತ್ತು. ತಿರುಗಿದರೆ ಅವಳಾಗಿರಲಿ ಎಂದೂ, ಅವಳಾಗದಿರಲಿ ಎಂದೂ ಅನ್ನಿಸುತ್ತಿತ್ತು.

ವಿಧಾನಗಳು ಬದಲಾದವು. ಅರವತ್ತರ ದಶಕದ ಕೊನೆಗೆ ಕಡ್ಡಿಗೆರೆ ಹೋಗಿ ಯಂತ್ರ ಎಣಿಸುವ ತೂತಿನ ಕಾರ್ಡುಗಳು ಬಂದವು. ಚಿಕ್ಕ ಸಂಖ್ಯೆಯ ಸಾಲುಗಳನ್ನು ಕೂಡಿಸಿ ಕೊಡಬೇಕೆಂಬ ನಿಯಮವೂ ಬಂತು. ಯಾರು ಮೊದಲು ಕೇಳಿದ್ದರೆಂದು ಅದರಲ್ಲಿ ಬರೆದಿರಲಿಲ್ಲ. ಹೊಸಬರಿಗೆ ನಾನು ಹೇಳುವುದಿಷ್ಟೇ: ನಿಮ್ಮ ಹಾಳೆಯಲ್ಲಿ ಒಂದು ಎಂಬ ಅಂಕಿ ಕಂಡರೆ ಅಲ್ಲೇ ನಿಲ್ಲಿ. ಎರಡು ಸಲ ಕೇಳಿದೆನೆಂದು ಸುಮ್ಮನಾಗಬೇಡಿ, ಮೂರನೆಯ ಸಲ ಕೇಳಿ. ಟವೆಲು ತೆಗೆದವರು ಆಮೇಲೆ ಏನಾಗುತ್ತದೆಂದು ನೋಡಲು ನಿಲ್ಲಬೇಕು ಎಂದ ದಲಾಲಿಯ ಮಾತು ನನಗೆ ತಡವಾಗಿ ತಿಳಿಯಿತು.

ಎರಡನೆಯ ಸುತ್ತಿನ ವರದಿಯೂ ಬಂತು. ಅದೇ ಊರು, ಅದೇ ಕೋಷ್ಟಕ. ನಾಲ್ಕನೆಯ ಸಾಲಿನ ಕೊನೆಯ ಚೌಕದಲ್ಲಿ ಈಗ ಒಂದು ಇರಲಿಲ್ಲ. ಯಾರೂ ಇಲ್ಲವೆಂದು ಸೂಚಿಸುವ ಒಂದು ಅಡ್ಡಗೆರೆ ಇತ್ತು. ಅದನ್ನು ವಿವರಿಸುತ್ತ ಸಾಹೇಬರು ಒಳಗೆ ಬರೆದಿದ್ದರು: ದೊಡ್ಡ ಅಳತೆಯಿಂದ ಗೇಣಿ ತೆಗೆದುಕೊಳ್ಳುವ ದೂರು ಈ ಊರಿನಲ್ಲಿ ಈಗ ಉಳಿದಿಲ್ಲ, ಪರಿಸ್ಥಿತಿ ಸುಧಾರಿಸುತ್ತಿದೆ. ಆ ವರದಿಗೆ ಮೆಚ್ಚುಗೆ ಬಂತು, ಓದಿದವರು ಅದನ್ನು ಇತರರಿಗೂ ಓದಿಸಿದರು.

ಸಾಹೇಬರು ಈಗಿಲ್ಲ. ಅವರ ಕೋಣೆಯಲ್ಲಿ ನಕ್ಕ ಇಬ್ಬರೂ ದೊಡ್ಡ ಹುದ್ದೆಗಳಿಂದ ನಿವೃತ್ತರಾಗಿ ಸುಖವಾಗಿದ್ದಾರೆ. ಆ ವರದಿಯ ಮುಖಪುಟದಲ್ಲಿ ಅವರ ಹೆಸರುಗಳೂ ಇವೆ. ಆದ್ದರಿಂದ ಅವರನ್ನೇ ಕೇಳುತ್ತೇನೆ. ನನ್ನ ಕೆಂಪು ಶಾಯಿಯ ವಿಷಯ ಹಾಗಿರಲಿ. ನೀವು ಸುಧಾರಣೆ ಎಂದು ಬರೆದ ಆ ಅಡ್ಡಗೆರೆಯ ಜಾಗದಲ್ಲಿ ಮೊದಲು ಒಬ್ಬ ಹೆಂಗಸಿದ್ದಳು, ಅವಳ ಕೈ ಹಿಡಿದು ನಡೆಯಬೇಕಾದ ಕಣ್ಣಿಲ್ಲದ ಮುದುಕಿಯೊಬ್ಬಳಿದ್ದಳು. ಆ ಗೆರೆ ಎಳೆಯುವ ಮುನ್ನ, ಅವರಿಬ್ಬರೂ ಎಲ್ಲಿಗೆ ಹೋದರು ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ?